ಪವರ್ಗ

ಬೆಂಗ್ರೆಯಿಂದ ಮೊದಲ ಫೆರಿ, ಬಂದರಿನಿಂದ ನಡೆದು ಸ್ಟೇಟ್‌ಬ್ಯಾಂಕು,
ಅಲ್ಲಿಂದ ದೇರಳಕಟ್ಟೆಯ ಬಸ್ಸು.
ಒಂಬತ್ತಕ್ಕೆಲ್ಲ ನನ್ನ ಬಾಗಿಲಲ್ಲಿ ಇರುತ್ತಿದ್ದರು:
ಝುಲೈಕಾ, ಅವಳ ಸೊಂಟದ ಮೇಲೆ ಮೂರು ವರ್ಷದ ನೌಫಲ್,
ಮೊಣಕೈ ಮಡಚದಂತೆ ಹಳೇ ಪೇಪರು ಸುತ್ತಿ ಕಟ್ಟಿದ ಎರಡು ಕೈ
ರೆಕ್ಕೆಯ ಹಾಗೆ ಅಡ್ಡ ಚಾಚಿಕೊಂಡು.
ಬೆರಳು ಬಾಯಿಗೆ ಹೋಗಬಾರದು. ಹೊಲಿಗೆ ಇನ್ನೂ ಹಸಿ.

ಸೀಳಿದ ಅಂಗುಳನ್ನು ಸರ್ಜನ್ನರು ನಡುವೆ ಕೂಡಿಸಿದ್ದರು.
ಕೂಡಿಸಲು ಎಳೆದಾಗ ಎರಡು ಪಕ್ಕ ಬರಿದಾಯಿತಲ್ಲ,
ಆ ಜಾಗ ನನ್ನದು.
ಅದಕ್ಕೆ ಹೊಲಿಗೆಯಿಲ್ಲ, ತಾನಾಗಿ ತುಂಬಬೇಕು,
ಎಷ್ಟು ದಿನಕ್ಕೆ ಎಷ್ಟು ಮಿಲಿಮೀಟರು ಎಂದು ನಾನು ಬರೆಯಬೇಕು.
ಐದನೇ ದಿನ ಏಳು. ಒಂಬತ್ತನೇ ದಿನ ನಾಲ್ಕೂವರೆ.
ಹನ್ನೆರಡರಂದು ಕಚ್ಚಿದ, ಅಳತೆ ಇಲ್ಲ.

ಬಾಯಿಯ ಗಾಯ ಚರ್ಮದ ಗಾಯದ ಹಾಗಲ್ಲ.
ಸೈಕಲ್ಲಿಂದ ಬಿದ್ದು ಮೂವತ್ತು ವರ್ಷವಾದರೂ
ಜೆಪ್ಪುವಿನ ಇಳಿಜಾರು ನನ್ನ ಗದ್ದದ ಮೇಲೆ ಬಿಳಿಗೆರೆಯಾಗಿ ಉಳಿದಿದೆ.
ಇಲ್ಲಿ ಮಾತ್ರ, ಉಗುಳು, ಗಂಜಿತಿಳಿ, ಅಳುವಿನ ನಡುವೆ,
ಒದ್ದೆಯಲ್ಲೇ, ಕತ್ತಲಲ್ಲೇ,
ಅಂಚಿನಿಂದ ಅಂಚಿಗೆ ತೆಳ್ಳಗೆ ಗುಲಾಬಿ ಹರಿದು ಬರುತ್ತದೆ
ತಾನು ಬಂದ ದಾರಿಯನ್ನೂ ಅಳಿಸಿಕೊಂಡು.

ಹತ್ತೊಂಬತ್ತನೇ ದಿನ ಸೊನ್ನೆ.
ಸೊನ್ನೆಯನ್ನು ದುಂಡಗೆ ಬರೆದೆ.
ಝುಲೈಕಾ ಕೇಳಿದಳು: "ಇನ್ನು ಇವನು ಉಪ್ಪ ಅಂತಾನಾ ಮೇಡಂ?"

ಅದು ಬೇರೆ ಲೆಕ್ಕ.
ಪ ಫ ಬ ಭ ಮ —
ಐದರಲ್ಲಿ ಕೊನೆಯದೊಂದೇ ಅವನ ಬಳಿ ಇತ್ತು.
ತುಟಿ ಮುಚ್ಚಿ ಕೂಡಿಟ್ಟ ಉಸಿರೆಲ್ಲ ಮೂಗಿನಲ್ಲಿ ಸೋರಿ
ಬಸ್ಸು ಮನ್ನು, ಬೂತಾಯಿ ಮೂನಾಯಿ,
ಉಪ್ಪನೂ ಉಮ್ಮ.
ಬೋಟು ಹತ್ತು ದಿನಕ್ಕೆ ಮರಳಿ ಅಪ್ಪ ಬಾಗಿಲಲ್ಲಿ ನಿಂತರೆ
"ಉಮ್ಮ" ಎಂದು ಓಡುತ್ತಿದ್ದನಂತೆ.
"ನಮ್ಮ ಮನೆಯಲ್ಲಿ ಇಬ್ಬರು ಉಮ್ಮಂದಿರು" ಎಂದು ಶಂಶೀರ್ ನಗುವುದು,
ನಕ್ಕು, ಕೈಕಾಲು ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋಗುವುದು.

ಗಾಯ ಮುಚ್ಚಿತು. ನಾಲಿಗೆಗೆ ಸುದ್ದಿ ತಲುಪಲಿಲ್ಲ.
ಮಾಡಿಲ್ಲದ ಮನೆಗೆ ಒಗ್ಗಿದ್ದ ಮಾತು
ಮಾಡು ಬಂದ ಮೇಲೂ ಹಳೇ ಕಿಂಡಿಯನ್ನೇ ಹುಡುಕುತ್ತಿತ್ತು.
ಎರಡು ವಾರ, ಎರಡು ತಿಂಗಳು, ಮತ್ತೂ ಒಂದು.
ನನ್ನ ಅಧ್ಯಯನ ಮುಗಿಯಿತು: ಮೂವತ್ತೊಂದು ಮಕ್ಕಳ ಸರಾಸರಿ,
ಒಂದು ಗ್ರಾಫು, ಇಳಿಯುವ ಗೆರೆ.
ಮಾತಿನ ಪಾಠ ಪಕ್ಕದ ಕೋಣೆಯಲ್ಲಿ.
ಎಮಿಲ್ಡಾ ಟೀಚರು ಅವನ ಮೂಗಿನ ಕೆಳಗೆ ಪುಟ್ಟ ಕನ್ನಡಿ ಹಿಡಿದು
"ಪ" ಅನ್ನಿಸುತ್ತಾಳೆ. ಕನ್ನಡಿ ಮಂಜಾಗುತ್ತದೆ.
ಸೆರಗಲ್ಲಿ ಒರೆಸುತ್ತಾಳೆ. ಮತ್ತೆ.
ಗೋಡೆಯಾಚೆಯಿಂದ ನನಗೆ ಕೇಳುವುದು ಮ, ಮ, ಮ.

ಜೂನಿನಲ್ಲಿ ಬೋಟುಗಳೆಲ್ಲ ದಕ್ಕೆಗೆ ಬಂದು ಕಟ್ಟಿಕೊಂಡವು.
ಆ ಸಲ ಶಂಶೀರನೂ ಬಂದಿದ್ದ.
ಕ್ಯಾಂಟೀನಿನಲ್ಲಿ ಗಂಜಿ. ನಾನು ಎದುರು ಬೆಂಚಿನಲ್ಲಿ.
ನೌಫಲ್ ತುಟಿ ಬಿಗಿದ, ಕೆನ್ನೆ ಉಬ್ಬಿತು,
ಒಡೆಯಿತು:
"ಉಪ್ಪ."
ಝುಲೈಕಾ ಉಪ್ಪಿನ ಡಬ್ಬಿ ಮುಂದೆ ದೂಡಿದಳು.
ಹುಡುಗ ಡಬ್ಬಿ ನೋಡಿದ, ಅಪ್ಪನನ್ನು ನೋಡಿದ.
ಕರೆದದ್ದು ಯಾವುದನ್ನೆಂದು ಯಾರಿಗೂ ತಿಳಿಯಲಿಲ್ಲ.
ಶಂಶೀರ್ ಒಂದು ಚಿಟಿಕೆ ತೆಗೆದು
ಮಗನ ನಾಲಿಗೆಯ ಮೇಲಿಟ್ಟ,
ಏನೂ ಅನ್ನದೆ ತಲೆ ತಗ್ಗಿಸಿ ಗಂಜಿ ಉಣ್ಣತೊಡಗಿದ.

ಆ ರಾತ್ರಿ ಪೌಡರು ಡಬ್ಬಿಯ ಕನ್ನಡಿ ತೆಗೆದು
ನನ್ನದೇ ಮೂಗಿನಡಿ ಹಿಡಿದೆ.
ಪ. ಏನೂ ಇಲ್ಲ. ಬ. ಏನೂ ಇಲ್ಲ.
ಮ.
ಗಾಜು ಬೆಳ್ಳಗಾಯಿತು.
ಸೀಳದ ಅಂಗುಳಿಗೂ
ಆ ಒಂದು ಅಕ್ಷರಕ್ಕೆ ಮಾತ್ರ ಬಾಗಿಲು ತೆರೆದೇ ಇಡಬೇಕು.
ಒರೆಸಲಿಲ್ಲ. ತಾನಾಗಿ ಆರಿತು.