ಹಾರಿಸಿದ ಸಾಲು

ವಿಲ್ಯಾಂಡಿ ಊರಿನ ಸರೋವರದ ದಂಡೆಗೆ
ಬ್ರಷ್ ಕಟ್ಟುವ ಕಾರ್ಖಾನೆ.
ಇಪ್ಪತ್ತೆರಡು ಜನ ನಾವು, ಯಾರಿಗೂ ಕಣ್ಣು ಕಾಣದು.
ಆದರೂ ಸೂರಿನಲ್ಲಿ ಬಲ್ಬುಗಳಿದ್ದವು:
ಮೇಸ್ತ್ರಿ ಕಾಸ್ಕ್‌ಗೆ, ತಪಾಸಣೆಗೆ ಬರುವವರಿಗೆ,
ಮತ್ತೆ ಮಧ್ಯಾಹ್ನ ಎರಡರಿಂದ ಮೂರು
ಹಿಲ್ಯಾಳಿಗೆ.

ಅಂಚೆಕಚೇರಿಯಲ್ಲಿ ಕಾಗದ ವಿಂಗಡಿಸಿ ನಿವೃತ್ತಳಾದವಳು.
ಬಂದಳೆಂದರೆ ಮೊದಲು ರಬ್ಬರ್ ಬೂಟಿನ ಚಪ್ ಚಪ್,
ಆಮೇಲೆ ಎದೆನೋವಿಗೆ ಚೀಪುವ ಪುದೀನ ಗುಳಿಗೆಯ ವಾಸನೆ,
ಕುರ್ಚಿಯ ಒಂದು ಕಾಲು ಕುಂಟು, ಅದು ಟಕ್ ಅನ್ನಬೇಕು,
ಅಷ್ಟಾದ ಮೇಲೆ ಕಾದಂಬರಿ.
ನೂರು ವರ್ಷ ಹಳೆಯದು. ಮೂರು ಸಂಪುಟ.
ಒಬ್ಬ ಗಿರಣಿಯವ, ಇಬ್ಬರು ಹೆಣ್ಣುಮಕ್ಕಳು, ಒಂದು ಹೊಳೆ,
ಹೊಳೆಯಾಚೆ ಯಾರೋ.

ಕತೆ ಕೇಳುವವರು ಹೂಂಗುಟ್ಟಬೇಕಲ್ಲ.
ನಮ್ಮ ಹಲ್ಲಿನ ನಡುವೆ ತಂತಿಯ ತುದಿ.
ತೂತಿನೊಳಗೆ ಕೂದಲ ಕಟ್ಟು ಬಾಗಿ ಇಳಿವಾಗ
ತಂತಿ ಕಿರ್ ಅನ್ನುವುದೇ ಹೂಂ.
ಇಪ್ಪತ್ತೆರಡು ಕಿರ್‌ಗಳ ಮೇಲೆ ಹಿಲ್ಯಾ
ಹಲಗೆಯ ಸಂಕ ದಾಟುವವಳಂತೆ ಓದುತ್ತಿದ್ದಳು.
ಕಿರ್ ನಿಂತರೆ ಅವಳಿಗೆ ಗೊತ್ತು, ಕತೆ ನಾಟಿದೆ.
ಜೋರಾದರೆ, ಪಾದ್ರಿಯ ಉಪದೇಶ ಉದ್ದವಾಯಿತೆಂದು.

ನವೆಂಬರಿನ ಒಂದು ದಿನ ಮೈಯೆ ತಂತಿ ಉಗುಳಿದಳು.
"ಈ ಪುಟ ಬೇಗ ತಿರುಗಿತು."
ಹಿಲ್ಯಾ ಕೆಮ್ಮಿದಳು.
"ನಿನ್ನೆಯೂ ಹಾಗೇ. ಮೊನ್ನೆ ಎರಡು ಸಲ.
ಒಂದು ಪುಟಕ್ಕೆ ನಾನು ಹನ್ನೊಂದು ತೂತು ತುಂಬುತ್ತೇನೆ,
ಇದಕ್ಕೆ ಏಳೇ ಆಗಿದೆ.
ನಾಲ್ಕು ತೂತಿನಷ್ಟು ಕತೆ ಎಲ್ಲಿ ಹೋಯಿತು?"

ಒಲೆಯಲ್ಲಿ ಬರ್ಚ್ ಕೊರಡು ಚಟ್ ಅಂದಿತು.
ಲೆಕ್ಕ ಬರೆಯುತ್ತಿದ್ದ ಕಾಸ್ಕ್‌ನ ಪೆನ್ಸಿಲು ನಿಂತಿತು.

ಬಣ್ಣ, ಅಂದಳು ಹಿಲ್ಯಾ, ತುಂಬಾ ಹೊತ್ತಾದ ಮೇಲೆ.
ಬರೆದವನಿಗೆ ಬಣ್ಣದ ಹುಚ್ಚು.
ಹೊಳೆಯ ನೀರಿಗೆ ಅರ್ಧ ಪುಟ, ಹುಡುಗಿಯ ಶಾಲಿಗೆ ಅರ್ಧ.
ನಿಮಗೆ ಯಾಕೆ ಅಂತ...
ಆ ವಾಕ್ಯವನ್ನೂ ಅಲ್ಲಿಗೇ ಹಾರಿಸಿದಳು.

ಸಿಟ್ಟು ಬಂತೇ? ಬಂತು.
ಸಕ್ಕರೆ ಕಾಯಿಲೆಯವನ ಮುಂದಿನ ತಟ್ಟೆ ಸರಿಸಿದ ಹಾಗೆ
ಇಷ್ಟು ವರ್ಷ ನಮ್ಮ ಸುತ್ತ ಯಾರ್ಯಾರು
ಏನೇನು ಸರಿಸಿದ್ದರೋ.
"ನಾನು ರಾಜನನ್ನೂ ಕಂಡಿಲ್ಲ," ಅಂದಳು ಅಲ್ಮಾ,
"ಅವನನ್ನೇನು ಬಿಟ್ಟೆಯಾ?"
ಯುದ್ಧದಲ್ಲಿ ಕಣ್ಣು ಕಳಕೊಂಡ ಎಂಡೆಲ್ ಒಬ್ಬನೇ
ಏನೂ ಅನ್ನಲಿಲ್ಲ.

"ಹಿಂದಕ್ಕೆ ಹೋಗು," ಮೈಯೆ ಅಂದಳು. "ಮೊದಲಿನಿಂದ."
ಹೋದಳು. ಎರಡು ವಾರ
ಬಿಟ್ಟದ್ದನ್ನಷ್ಟೇ ಓದಿದಳು, ನಡುವೆ ಕತೆಯಿಲ್ಲ,
ಜನರಿಲ್ಲದೆ ಬರೀ ಅವರ ಬಟ್ಟೆ, ಅವರ ಹೊತ್ತು:
ಮಾರ್ಚಿನ ಹಿಮ ಬೂದಿಯಾಗಿ, ನೀಲಿಯಾಗಿ,
ಲಾಯದ ನೆರಳಿನಲ್ಲಿ ತುಸು ಗುಲಾಬಿಯಾಗಿ;
ಹೊಳೆಗೆ ನಾಲ್ಕು ಹಸಿರು;
ಗಿರಣಿಯವನ ಹುಬ್ಬಿನಲ್ಲಿ ಹಿಟ್ಟಿನ ಬಿಳಿ,
ಅದು ಹಿಮದ ಬಿಳಿಯಲ್ಲವಂತೆ.

ಕತ್ತಲು ಕಾಣುವುದಕ್ಕೂ ಕಣ್ಣು ಬೇಕು.
ಹುಟ್ಟಿನಿಂದ ಅದನ್ನೂ ಕಾಣದ ನಾನು
ಏನು ತಿಳಿದೆನೆಂದು ಕೇಳಬೇಡಿ.
ಹಿಲ್ಯಾಳ ದನಿ ಕೆಂಪಿನ ಹತ್ತಿರ ಒಣಗುತ್ತಿತ್ತು,
ಹಸಿರಿನ ಹತ್ತಿರ ಒಂದು ಗುಟುಕು ನುಂಗುತ್ತಿತ್ತು.
ಅಷ್ಟು ಸಾಕಾಯಿತು. ನನ್ನ ಕೆಂಪಿಗೆ ಇವತ್ತಿಗೂ
ಪುದೀನ ಗುಳಿಗೆಯ ವಾಸನೆ.

ಶಾಲಿನ ಪುಟ ಬಂದ ದಿನ ಎಂಡೆಲ್
"ಇನ್ನೊಮ್ಮೆ" ಅಂದ.
ಓದಿದಳು.
"ಇನ್ನೊಮ್ಮೆ."
ಐದು ಸಲ. ಯಾರ ತಂತಿಯೂ ಕಿರ್ ಅನ್ನಲಿಲ್ಲ.
ಯಾವ ಶಾಲು, ಯಾರ ಹೆಗಲು,
ಯಾರೂ ಅವನನ್ನು ಕೇಳಲೂ ಇಲ್ಲ.

ಆ ಹದಿನೈದು ದಿನದ ಮಾಲು ಕೆಟ್ಟಿತ್ತು:
ಕಟ್ಟು ದಪ್ಪ, ಲೆಕ್ಕ ಕಡಿಮೆ,
ಕೆಲವು ಬ್ರಷ್‌ಗಳಲ್ಲಿ ತೂತೇ ಖಾಲಿ.
ಕಾಸ್ಕ್ ಬೆರಳಾಡಿಸಿ ನೋಡಿದ, ಬೈಯುತ್ತಲೇ ಸಹಿ ಹಾಕಿದ,
ತಾನೇ ಲಾರಿಗೆ ಏರಿಸಿದ.
ಎಲ್ಲಿಗೆ ಹೋದವೋ. ಯಾವೂರಿನ ಹಾಲಿನ ಬಾಟಲಿಯೊಳಗೋ,
ಯಾರ ಬೂಟಿನ ಮೇಲೋ.
ಅಂಥದ್ದೊಂದು ನಿಮ್ಮ ಕೈಗೆ ಬಂದು
ನಡುವೆ ಒಂದು ಬೋಳು ಸಿಕ್ಕಿದ್ದರೆ
ಕಟ್ಟಿದವರನ್ನು ಬೈಯಬೇಡಿ.
ಅಲ್ಲಿ ಒಂದು ಶಾಲು ಇತ್ತು.