ಬಿಟ್ಟು ಹಿಡಿಯುವಾಗ

ಬಂದವರೆಲ್ಲ ಮೊದಲು ಬಾಯಲ್ಲೇ ಸದ್ದು ಮಾಡಿ ತೋರಿಸುತ್ತಾರೆ.
ಬ್ಯಾಂಕಿನ ಮ್ಯಾನೇಜರ್ ಕೂಡ ಟೈ ಸರಿಮಾಡಿಕೊಂಡು,
ಅತ್ತಿತ್ತ ನೋಡಿ, ಕೊನೆಗೆ ‘ಗುಂಯ್’ ಅನ್ನುತ್ತಾನೆ.
ನಾನು ನಗುವುದಿಲ್ಲ. ಇಪ್ಪತ್ತೆರಡು ವರ್ಷ
ಡೀಸೆಲ್ ಲಾರಿಗಳ ಹೊಟ್ಟೆಯಡಿ ಮಲಗಿದವನು,
ಸದ್ದಿನ ಮರ್ಯಾದೆ ಗೊತ್ತು.

ರುಫೈದಾ ಬಾಯಿ ಬಿಡಲಿಲ್ಲ.
ನನ್ನ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ
ಒಮ್ಮೆ ಕುಟ್ಟಿದಳು: ಟಕ್.
ತುಸು ತಡೆದು ಇನ್ನೊಮ್ಮೆ, ಮೆತ್ತಗೆ.
‘ಇಷ್ಟೇ. ಇಳಿಜಾರು ಮುಗಿದು ಏರು ಹಿಡಿಯುವಲ್ಲಿ.’

ಅಮ್ಮಾನಿನಲ್ಲಿ ಹಾಗಲ್ಲದ ಬೀದಿ ಯಾವುದು?
ಏಳು ಗುಡ್ಡಗಳ ಊರು ಅಂತ ಹೇಳಿಕೊಳ್ಳುತ್ತೇವೆ,
ಬ್ರೇಕಿನ ಬಿಲ್ಲೆ ಬದಲಿಸುವವರ ಲೆಕ್ಕದಲ್ಲಿ ಎಪ್ಪತ್ತು.

ಹಳೆಯ ಎಂಜಿನ್ನು ತುಂಬಿದ ಮನೆ ಇದ್ದ ಹಾಗೆ.
ಅದರ ಗದ್ದಲದಲ್ಲಿ ಮೂಲೆಯ ಬಿಕ್ಕು
ಯಾರಿಗೂ ಕೇಳುತ್ತಿರಲಿಲ್ಲ.
ಈ ವಿದ್ಯುತ್ ಕಾರು ಮಾತು ಬಿಟ್ಟವರ ಮನೆ.
ಚಮಚ ಬಿದ್ದರೂ ದೂರು.

ಇಯಾದ್ ಟ್ಯಾಬ್ಲೆಟ್ ಸಿಕ್ಕಿಸಿ ಓದಿದ: ತಪ್ಪು ಯಾವುದೂ ಇಲ್ಲ.
ಹುಡುಗನಿಗೆ ಪರದೆ ಹೇಳಿದ್ದೇ ವೇದ,
ಅಲ್ಲ, ನನಗೂ ಅವನ ವಯಸ್ಸಿನಲ್ಲಿ ಹೊಗೆಯ ಬಣ್ಣ ಹಾಗೇ ಇತ್ತು.

ರಸ್ತೆಗಿಳಿದೆವು. ನಲವತ್ತರಲ್ಲಿ ನ್ಯೂಟ್ರಲ್ ಮಾಡಿಸಿದೆ.
ಸಣ್ಣಗೆ ಕೊರೆಯುತ್ತಿದ್ದ ಸ್ವರ ನಿಲ್ಲಲಿಲ್ಲ.
ಹೊರೆ ಇಳಿಸಿದ ಮೇಲೂ ನರಳುವುದು ಬೇರಿಂಗು,
ಹೊತ್ತಾಗ ಮಾತ್ರ ನರಳುವುದು ಗೇರಿನ ಹಲ್ಲು.
ನನ್ನ ಇಬ್ಬರು ಭಾವಮೈದುನರು ನೆನಪಾದರು.

‘ಅದಲ್ಲ’ ಎಂದಳು. ‘ತಾಳಿ.’
ಪೆಡಲಿನಿಂದ ಕಾಲು ತೆಗೆದಳು.
ಚಕ್ರ ಮೋಟರನ್ನು ನೂಕತೊಡಗಿತು,
ಕೊಟ್ಟದ್ದನ್ನು ಚೂರು ಚೂರೇ ವಾಪಸು ವಸೂಲು.
ತಗ್ಗಿನ ತಳದಲ್ಲಿ ಮತ್ತೆ ಒತ್ತಿದಳು.
ಪಡೆಯುತ್ತಿದ್ದವ ಕೊಡುವವನಾಗಬೇಕು,
ಹಲ್ಲು ಈ ಕೆನ್ನೆ ಬಿಟ್ಟು ಆ ಕೆನ್ನೆ ಹಿಡಿಯಬೇಕು,
ಆ ಕೂದಲೆಳೆಯಷ್ಟು ಖಾಲಿಯಲ್ಲಿ
ಟಕ್.
ಸೀಟಿನ ಅಡಿಯಿಂದ ಬೆನ್ನಿಗೆ ಒಂದು ಗುದ್ದು,
ಯಾರೋ ಸಾಲ ಕೇಳಲು ಹೆಗಲು ತಟ್ಟಿದ ಹಾಗೆ.

ಮೇಲೆತ್ತಿದೆವು. ರಬ್ಬರಿನ ಮೌಂಟಿಗೆ ಹಾರೆ ಹಾಕಿ ಮೀಟಿದೆ: ಗಟ್ಟಿ.
ಚಕ್ರದ ನಡುವಿನ ನಟ್ಟು: ಬಿಗಿ.
ಇಯಾದ್ ಚಕ್ರವನ್ನು ಹಿಂದೆ ಮುಂದೆ ತೂಗಿದ.
ನಾನು ಸ್ಕ್ರೂಡ್ರೈವರಿನ ಹಿಡಿಗೆ ಕಿವಿಯಿಟ್ಟೆ, ಎಡಗಿವಿ.
ಬಲದ್ದನ್ನು ಲಾರಿಗಳು ತಿಂದು ಮುಗಿಸಿವೆ.
ಸದ್ದು ಎಲ್ಲೆಲ್ಲಿಂದಲೂ ಬರುತ್ತಿತ್ತು.

‘ಸ್ವಲ್ಪ ಸರಿಯಿರಿ.’
ಚೀಲದಿಂದ ತೆಗೆದಳು ಒಂದು ಮರದ ಕೊಳವೆ,
ಸೂಲಗಿತ್ತಿಯರು ಬಸುರಿಯ ಹೊಟ್ಟೆಗೆ ಇಡುವಂಥದು.
ಕರೆಂಟು ಹೋದ ರಾತ್ರಿಗಳಿಗೆ ಇರಲಿ ಅಂತ ಇಟ್ಟುಕೊಂಡದ್ದಂತೆ.
ಗೇರುಪೆಟ್ಟಿಗೆಗೆ ಅದರ ಬಾಯಿ, ತನ್ನ ಕಿವಿ, ಕಣ್ಣು ಮುಚ್ಚಿ.
‘ತೂಗು. ಮೆಲ್ಲಗೆ. ಇನ್ನೂ ಮೆಲ್ಲಗೆ.’
ಇಯಾದ್ ಉಸಿರು ಕೂಡ ಬಿಡುತ್ತಿರಲಿಲ್ಲ.
‘ಇಲ್ಲಿ’ ಎಂದು ಗ್ರೀಸಿನ ಮೇಲೆ ಬೆರಳಿಟ್ಟಳು.

ಮೋಟರಿನ ದಂಡ ಗೇರಿಗೆ ಕೂಡುವ ಜಾಗ.
ಬಿಚ್ಚಲು ಸಂಜೆಯಾಯಿತು. ಗ್ರೀಸ್ ಎಲ್ಲಿ? ಒಂದು ಹನಿ ಇಲ್ಲ.
ಕಾಫಿ ಗಷ್ಟಿನಂಥ ಕಂದು ಪುಡಿ, ತುಕ್ಕು,
ಸವೆದು ಚೂಪಾದ ಗೀರುಗಳು.
‘ಹಚ್ಚಿದರೆ ಸುಮ್ಮನಾಗುತ್ತದೆ, ಗುಣವಾಗುವುದಿಲ್ಲ’ ಎಂದೆ.
‘ಎಷ್ಟು ದಿನ?’
‘ಈ ಚಳಿಗಾಲ.’
‘ಸಾಕು. ಬೇರಿಂಗು ರಂಜಾನ್ ಕಳೆದ ಮೇಲೆ.’
ನರಳುವುದನ್ನು ಹಾಗೇ ಜೊತೆಗಿಟ್ಟುಕೊಂಡು
ದುಡ್ಡು ಎಣಿಸಿ, ಕೈತೊಳೆದು ಹೊರಟಳು.

ಶಟರಿನ ಬಳಿ ಎಡಗಿವಿ ರಸ್ತೆಗೆ ಕೊಟ್ಟು ನಿಂತೆ.
ತಗ್ಗಿನ ತಳದಲ್ಲಿ ಅವಳ ಕೆಂಪು ದೀಪ ಆರಿತು,
ಏರು ಹಿಡಿಯಿತು.
ಏನಿಲ್ಲ.

ಹಿಂದಿನಿಂದ ಇಯಾದ್ ಕರೆದ:
‘ಉಸ್ತಾದ್, ಡಿಕ್ಕಿ ಖಾಲಿ ಮಾಡಿದಾಗ ಇಳಿಸಿದ್ದು, ಮರೆತುಹೋಗಿದ್ದಾರೆ.’
ಉಪ್ಪುನೀರಿನ ಆಲಿವ್ ಕಾಯಿ, ದೊಡ್ಡ ಗಾಜಿನ ಭರಣಿ.
ಕೈಗೆ ತೆಗೆದುಕೊಂಡು ಒಮ್ಮೆ ವಾಲಿಸಿದೆ.
ಸಡಿಲ ಮುಚ್ಚಳ.
ಟಕ್, ಮೆತ್ತಗೆ.