ವಲಾ

ಕುಂಬಳೆಯಲ್ಲಿ ಗಾಡಿ ನಿಲ್ಲುವುದು ಒಂದೇ ನಿಮಿಷ.
ಅಷ್ಟರಲ್ಲಿ ಒಬ್ಬಳು ಹೆಂಗಸು, ಎರಡು ಚೀಲ,
ಹತ್ತೊಂಬತ್ತು ವರ್ಷ
ಇಳಿಯಬೇಕು.
ಇಳಿದಳು. ಮೊದಲು ಚೀಲ, ಆಮೇಲೆ ಮಂಡಿಯ ನೋವು,
ಕೊನೆಗೆ ಲಿಗಾಯಾ.

"ದುಮಾ" ಎಂದಳು.
ದೂಮ ಎನ್ನಲು ಆಗಲೂ ಬರುತ್ತಿರಲಿಲ್ಲ ಅವಳಿಗೆ.
ಕೈ ಚಾಚಬೇಕೋ ಮುಗಿಯಬೇಕೋ ತಿಳಿಯದೆ
ನಾನು ಚೀಲ ಎತ್ತಿಕೊಂಡೆ.

ಮಟ್ಟಕ್ಕಳಪ್ಪಿನಲ್ಲಿ ನಮ್ಮ ಕೈಗೆ ಬೇರೆ ಕೆಲಸವಿತ್ತು.
ಕಡಲು ಊರೊಳಗೆ ಬಂದು ಹೋದ ಮೇಲಿನ ಮೂರನೇ ತಿಂಗಳು;
ಅವಳದು ವೆಲ್ಡಿಂಗು, ನನ್ನವು ಉಪ್ಪು ಕುಡಿದ ಎಂಜಿನ್ನುಗಳು.
ಮರಳಲ್ಲಿ ಅರ್ಧ ಹೂತಿದ್ದ ಶಾಲೆಯ ಬಾಗಿಲು
ಇಬ್ಬರ ಮೇಜು.
ಅವಳಿಗೆ ತಮಿಳಿಲ್ಲ, ನನಗೆ ಇಂಗ್ಲಿಷು ಸ್ಪಾನರಿನ ನಂಬರಿನಷ್ಟು.
ಮನೆಯ ತುಳು, ಮಾರ್ಕೆಟ್ಟಿನ ಮಲಯಾಳ,
ಮಾಷ್ಟ್ರು ಬೆತ್ತ ಹಿಡಿದು ಕಲಿಸಿದ ಕನ್ನಡ,
ಮೂರೂ ಸೇರಿ ಅಲ್ಲಿ ಒಂದು ನಟ್ಟನ್ನೂ ಸಡಿಲಿಸಲಿಲ್ಲ.

ಮೊದಲ ದಿನ, ಕಡ್ಡಿ ಇದೆಯೇ ಎಂದು ಸನ್ನೆಯಲ್ಲಿ ಕೇಳಿದೆ.
"ವಲಾ" ಎಂದಳು.
ವಲ! ನಮ್ಮಲ್ಲಿ ಮಲಯಾಳದವರ ಬಾಯಲ್ಲಿ ಅದು ಬಲೆ.
ಇಡೀ ದಂಡೆ ಅಲೆದು, ಬೇಲಿಮುಳ್ಳಿಗೆ ಸಿಕ್ಕಿಕೊಂಡಿದ್ದ
ಹರಕು ಬಲೆಯೊಂದನ್ನು ಬಿಡಿಸಿ ತಂದು ಅವಳ ಮುಂದೆ ಹಾಕಿದೆ.
ನೋಡಿದಳು. ವೆಲ್ಡಿಂಗಿನ ಮುಖವಾಡ ಮೇಲೆತ್ತಿ ನಕ್ಕಳು,
ಆ ಊರಲ್ಲಿ ಆ ವಾರ ಯಾರೂ ನಗದಷ್ಟು.
ವಲಾ ಎಂದರೆ ಅವರ ಮಾತಲ್ಲಿ: ಇಲ್ಲ.
ಇತ್ತು, ಈಗ ಇಲ್ಲ.

ಬಿಡುವಿದ್ದಾಗ ಸ್ಪಾನರಿನ ಮೊನೆಯಲ್ಲಿ
ಮರಳಿನ ಮೇಲೆ ಗೀರಿ ಗೀರಿ ಬಡಾಯಿ ಕೊಚ್ಚಿದ್ದೆ:
ಇದು ಶಿರಿಯ ಅಳಿವೆ, ಇದು ನನ್ನ ಶೆಡ್ಡು,
ಹೆಂಚಿನದು, ಸಾಲದ್ದಲ್ಲ, ಬಾಗಿಲು ಪಡುವಣಕ್ಕೆ,
ಯಾರ ದೋಣಿ ಕೆಮ್ಮುತ್ತ ಬರುತ್ತಿದೆ, ಕೂತಲ್ಲಿಂದಲೇ ಹೇಳಬಲ್ಲೆ.
ಒಂದು ದಿನ ಬಾ.
ಬಾ ಎನ್ನುವುದು ಸುಲಭ, ನಡುವೆ ಎರಡು ಕಡಲಿದ್ದಾಗ.

ಮನೆಯಲ್ಲಿ ಕುರ್ಚಿ ಕೊಟ್ಟೆವು. ಹೆಂಡತಿ ಗೋಳಿಬಜೆ ತಂದಿಟ್ಟಳು.
ಮೊಮ್ಮಗ ಇಬ್ಬರ ನಡುವೆ ಫೋನು ಹಿಡಿದ, ಅದು ಹೇಳಿತು:
"ತಮ್ಮ ಪ್ರಯಾಣವು ಸುಖಕರವಾಗಿತ್ತೇ?"
ಇಷ್ಟು ಸರಿಯಾಗಿ ನಾವು ಎಂದೂ ಮಾತಾಡಿದ್ದಿಲ್ಲ,
ಇಷ್ಟು ಕಡಿಮೆಯೂ.
ಲಿಗಾಯಾ ಫೋನು ಕೆಳಗಿಡಿಸಿದಳು. ಚಾ ಚೆಲ್ಲಿದ್ದ ಮೇಜಿನ ಮೇಲೆ
ಬೆರಳಿಂದ ಗೀರಿದಳು:
ಅಳಿವೆ. ಶೆಡ್ಡು. ಬಾಗಿಲು ಪಡುವಣಕ್ಕೆ.

ನಾನು ಚಪ್ಪಲಿ ಹುಡುಕುವುದರಲ್ಲಿ ಹೊತ್ತು ಕಳೆದೆ.

ರಸ್ತೆ ಈಗ ಮೊದಲೇ ಮುಗಿಯುತ್ತದೆ, ಡಾಮರಿನ ತುದಿ
ಕಚ್ಚಿ ಬಿಟ್ಟ ರೊಟ್ಟಿಯ ಹಾಗೆ.
ಆಚೆ ಕರಿಗಲ್ಲು ಸುರಿದಿದ್ದಾರೆ, ಅದರಾಚೆ ನೀರು.
ಒಂದು ಮಳೆಗಾಲ ಬಾಗಿಲು ಹೋಯಿತು, ಮರುವರ್ಷ ನೆಲ.
ನಾನು ಬಿಚ್ಚಿ ತಂದದ್ದು ಕಬ್ಬಿಣದ ವೈಸ್ ಒಂದನ್ನೇ.
ಅವಳಿಗೆ ಕಾಗದ ಹಾಕಲಿಲ್ಲ. ಏನೆಂದು ಬರೆಯುವುದು,
ಇನ್ನೊಬ್ಬರ ಊರನ್ನು ಕಡಲ ಕೈಯಿಂದ ಬಿಡಿಸಲು ಹೋಗಿದ್ದವನು?

ಅಲೆ ಮುರಿಯುವ ಜಾಗಕ್ಕೆ ಬೆರಳು ತೋರಿದೆ.
"ವಲಾ" ಎಂದೆ, ಅವಳ ಮಾತಲ್ಲಿ.

ಅವಳು ನಗಲಿಲ್ಲ. ಇಳಿತದ ಹೊತ್ತು.
ಪ್ಯಾಂಟು ಮಡಚಿ, ಕಲ್ಲಿಂದ ಕಲ್ಲಿಗೆ ಇಳಿದು
ನೀರಲ್ಲಿ ನಿಂತು ತಿರುಗಿ ನೋಡಿದಳು: ಇಲ್ಲಿ?
ಇನ್ನೂ ತೆಂಕಕ್ಕೆ, ಎಂದು ಕೈಮಾಡಿದೆ. ಇನ್ನೆರಡು ಹೆಜ್ಜೆ.
ಹಾಂ.
ನನ್ನ ಬಾಗಿಲಿದ್ದಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಳು,
ಯಾರ ದೋಣಿ ಕೆಮ್ಮುತ್ತ ಬರುತ್ತಿದೆ ಎಂದು
ಕಿವಿಗೊಟ್ಟವಳ ಹಾಗೆ.

ಹತ್ತಿ ಬರುವಾಗ ಮಂಡಿ ಹಿಡಿದುಕೊಂಡಿತು. ಕೈ ಕೊಟ್ಟೆ,
ಈ ಸಲ ಯೋಚಿಸದೆ.
ಕಲ್ಲಿನ ಮೇಲೆ ಯಾರೋ ಒಣಗಲು ಹರವಿದ್ದ ನೀಲಿ ಬಲೆ.
ಅದರ ಅಂಚು ಎತ್ತಿ ನನ್ನ ಮುಂದೆ ಹಿಡಿದು
ಲಿಗಾಯಾ ಹೇಳಿದಳು, ನಮ್ಮ ಕಡೆಯ ಮಾತಲ್ಲಿ:
"ವಲ."